ಪುಸ್ತಕವೇ ಇಲ್ಲ, ಮತ್ತೇನು ಓದ್ತೀಯ?

ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಪೊಸಿಡೋನಿಯಸ್ ಬಗ್ಗೆ ಮಾತು ತೆಗೆದರೆ ಸಾಕು, ಎಲ್ಲರದ್ದೂ ಇದೇ ಪ್ರಶ್ನೆ. ಅವನ ಒಂದು ಪುಸ್ತಕವೂ ಪೂರ್ತಿ ಉಳಿದಿಲ್ಲ ಅಂತೀಯ, ಹಾಗಿದ್ದರೆ ಅವನು ಬರೆದದ್ದು ನಿನಗೆ ಹೇಗೆ ಗೊತ್ತು?

ಬೇರೆಯವರ ಪುಸ್ತಕಗಳಿಂದ. ಅದರಲ್ಲೂ ಅವನ ಜೊತೆ ಜಗಳ ಆಡಿದವರಿಂದ.

ಈತ ಕ್ರಿ.ಪೂ. 135ರ ಸುಮಾರಿಗೆ ಸಿರಿಯಾದ ಅಪಾಮಿಯಾದಲ್ಲಿ ಹುಟ್ಟಿ, ರೋಡ್ಸ್ ದ್ವೀಪದಲ್ಲಿ ಪಾಠ ಹೇಳಿದವನು. ಸಮುದ್ರದ ಉಬ್ಬರವಿಳಿತ, ನಕ್ಷತ್ರ, ಮನಸ್ಸಿನ ಆವೇಶ, ಇತಿಹಾಸ, ಹೀಗೆ ಬರೆಯದ ವಿಷಯವಿಲ್ಲ. ಇತಿಹಾಸವೊಂದೇ 52 ಸಂಪುಟ ಇತ್ತಂತೆ!

ಯುಡಾಕ್ಸಸ್ ಎಂಬ ನಾವಿಕನ ಕತೆ ನೋಡಿ. ಕೆಂಪು ಸಮುದ್ರದ ಕಡೆ ಕಾವಲುಗಾರರಿಗೆ ಒಂದು ಹಡಗಿನಲ್ಲಿ ಅರೆಜೀವವಾಗಿದ್ದ ಭಾರತೀಯನೊಬ್ಬ ಸಿಗುತ್ತಾನೆ. ಈಜಿಪ್ಟಿನ ರಾಜ ಅವನಿಗೆ ಗ್ರೀಕ್ ಕಲಿಸುತ್ತಾನೆ. ಅವನು ಭಾರತಕ್ಕೆ ದಾರಿ ತೋರಿಸುತ್ತೇನೆ ಅನ್ನುತ್ತಾನೆ, ಯುಡಾಕ್ಸಸ್ ಹೋಗಿ ಸುಗಂಧ, ರತ್ನ ಎಲ್ಲ ತರುತ್ತಾನೆ, ರಾಜ ಅಷ್ಟನ್ನೂ ಕಿತ್ತುಕೊಳ್ಳುತ್ತಾನೆ. ಇದನ್ನು ಹೇಳಿದವನು ಪೊಸಿಡೋನಿಯಸ್. ನಮಗೆ ತಲುಪಿಸಿದವನು ಮಾತ್ರ ಗ್ರೀಕ್ ಭೂಗೋಳಕಾರ ಸ್ಟ್ರಾಬೊ, ಅದೂ ಇದೆಲ್ಲ ಶುದ್ಧ ಬುರುಡೆ ಅಂತ ತೋರಿಸೋಕೆ. ನದಿಯಂಥ ಕಿರಿದಾದ ಕೊಲ್ಲಿಗೆ ಒಬ್ಬ ದಾರಿ ತಪ್ಪಿ ಬರೋದು ಹೇಗೆ? ಜೊತೆಗಿದ್ದವರೆಲ್ಲ ಹಸಿವಿನಿಂದ ಸತ್ತ ಮೇಲೆ ಅಷ್ಟು ದೊಡ್ಡ ಹಡಗನ್ನು ಒಬ್ಬನೇ ನಡೆಸಿದನೇ? ಅಷ್ಟು ಬೇಗ ಗ್ರೀಕ್ ಕಲಿತನೇ? ಪ್ರಶ್ನೆಗಳು ಸರಿಯಾಗಿಯೇ ಇವೆ. ಆದರೆ ಬಯ್ಯೋದಕ್ಕೆ ಮೊದಲು ಇಡೀ ಕತೆ ಹೇಳಬೇಕಾಯ್ತಲ್ಲ, ಅಲ್ಲೇ ನಮಗೆ ಲಾಭ.

ಕೆಲವೊಮ್ಮೆ ಇಬ್ಬರು ಎರಡು ಮಾತು ಹೇಳುತ್ತಾರೆ. ನಮ್ಮ ದಕ್ಷಿಣದ ಆಕಾಶದಲ್ಲಿ ಚೆನ್ನಾಗಿ ಕಾಣುವ ಅಗಸ್ತ್ಯ ನಕ್ಷತ್ರ ರೋಡ್ಸ್‌ನಲ್ಲಿ ದಿಗಂತವನ್ನು ಸುಮ್ನೆ ಮುಟ್ಟಿ ಮುಳುಗುತ್ತದೆ, ಅಲೆಕ್ಸಾಂಡ್ರಿಯಾದಲ್ಲಿ ವೃತ್ತದ 48ರಲ್ಲಿ ಒಂದು ಭಾಗದಷ್ಟು ಮೇಲೇರುತ್ತದೆ. ಎರಡು ಊರಿನ ನಡುವೆ 5,000 ಸ್ಟೇಡಿಯ (ಗ್ರೀಕರ ದೂರದ ಅಳತೆ) ಅಂತ ಇಟ್ಟುಕೊಂಡರೆ ಭೂಮಿಯ ಸುತ್ತಳತೆ ಅದರ 48 ಪಟ್ಟು, ಅಂದರೆ 2,40,000 ಸ್ಟೇಡಿಯ. ಇದು ಖಗೋಳದ ಬಗ್ಗೆ ಬರೆದ ಕ್ಲಿಯೊಮಿಡಿಸ್, ಪೊಸಿಡೋನಿಯಸ್ ಹೆಸರಲ್ಲಿ ಕೊಡುವ ಲೆಕ್ಕ. ಸ್ಟ್ರಾಬೊ ಕೇಳಿದರೆ ಪೊಸಿಡೋನಿಯಸ್ ಲೆಕ್ಕ 1,80,000 ಅನ್ನುತ್ತಾನೆ. ಯಾವುದು ಅವನದ್ದು? ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ.

ಇನ್ನು ಔತಣಕೂಟದ ಮಾತುಕತೆಯನ್ನೇ ಪುಸ್ತಕ ಮಾಡಿದ ಗ್ರೀಕ್ ಲೇಖಕ ಅಥೆನಿಯಸ್. ಅವನಿಗೆ ಊಟದ ಮೇಲೇ ಕಣ್ಣು. ಹಾಗಾಗಿ ಅಷ್ಟು ದೊಡ್ಡ ಇತಿಹಾಸದಿಂದ ನಮ್ಮ ಪಾಲಿಗೆ ಬಂದದ್ದರಲ್ಲಿ ಔತಣ, ಕುಡಿತ, ದುಂದುವೆಚ್ಚವೇ ಜಾಸ್ತಿ. ಇದನ್ನು ನೋಡಿ ಪೊಸಿಡೋನಿಯಸ್ ತಿಂಡಿಪೋತ ಅಂದುಕೊಳ್ಳಬಾರದು.

ಹೀಗೆ ಬೇರೆಯವರ ಪುಸ್ತಕಗಳಲ್ಲಿ ಉಳಿದ ತುಣುಕುಗಳನ್ನು ಸಂಗ್ರಹ ಮಾಡುವವರ ನಿಜವಾದ ತಲೆನೋವು ಯಾವುದನ್ನು ಸೇರಿಸಬೇಕು ಅನ್ನೋದು. ವಿದ್ವಾಂಸ ಲುಡ್ವಿಗ್ ಎಡೆಲ್‌ಸ್ಟೈನ್ ಹಾಕಿಕೊಂಡ ನಿಯಮ ಕಟ್ಟುನಿಟ್ಟು: ಪೊಸಿಡೋನಿಯಸ್ ಹೆಸರು ಇದ್ದರೆ ಮಾತ್ರ ಒಳಗೆ. ಅವರು 1965ರಲ್ಲಿ ತೀರಿಕೊಂಡರು. ಐ. ಜಿ. ಕಿಡ್ ಕೆಲಸ ಮುಂದುವರಿಸಿ 1972ರಲ್ಲಿ ಪಠ್ಯ, 1988ರಲ್ಲಿ ವ್ಯಾಖ್ಯಾನ ತಂದರು. 1982ರಲ್ಲಿ ವಿಲಿ ಥೈಲರ್ ಇನ್ನೊಂದು ಸಂಗ್ರಹ ಮಾಡಿದರು. ಅದರಲ್ಲಿ ಹೆಸರಿಲ್ಲದಿದ್ದರೂ ಇದು ಅವನದ್ದೇ ಅನ್ನಿಸಿದ ಭಾಗಗಳೂ ಇವೆ. ಅದಕ್ಕೂ ಮೊದಲು ಒಂದು ಕಾಲ ಇತ್ತು. ರೋಮಿನ ವಾಗ್ಮಿ ಸಿಸೆರೊ ರೋಡ್ಸ್‌ನಲ್ಲಿ ಪೊಸಿಡೋನಿಯಸ್ ಪಾಠ ಕೇಳಿದ್ದ ಅನ್ನೋ ಕಾರಣಕ್ಕೆ ಸಿಸೆರೊ ಬರೆದ ಯಾವುದೋ ಮೂಲೆಯ ಮಾತನ್ನೂ ಇವನ ಖಾತೆಗೆ ಹಾಕುತ್ತಿದ್ದರು.

ನಾನು ಕಿಡ್ ಕಡೆ. ಆ ನಿಯಮದಿಂದ ಒಂದಿಷ್ಟು ಒಳ್ಳೆಯ ಮಾತು ಹೊರಗೆ ಉಳಿಯುತ್ತದೆ, ನಿಜ, ಆದರೆ ಒಳಗಿರುವುದನ್ನಾದರೂ ಧೈರ್ಯವಾಗಿ ಅವನದ್ದು ಅಂತ ಓದಬಹುದು. ಥೈಲರ್ ಸಂಗ್ರಹ ಆಮೇಲೆ ನೋಡಿದರಾಯ್ತು.