ನಮ್ಮ ಇನ್ಶೂರೆನ್ಸ್ ಕಾರ್ಡಿನೊಳಗೆ ಬಿಷಪ್ಪರು

ಅಮೆರಿಕದಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ನಮ್ಮ ಹುಡುಗರು ಸಂಬಳ ನೋಡುತ್ತಾರೆ, ವೀಸಾ ನೋಡುತ್ತಾರೆ, ಗ್ರೀನ್ ಕಾರ್ಡಿಗೆ ಯಾವಾಗ ಹಾಕುತ್ತಾರೆ ಅಂತ ಕೇಳುತ್ತಾರೆ. ಇನ್ಶೂರೆನ್ಸ್ ಇದೆ ಅಂದರೆ ಮುಗಿಯಿತು, ಒಳಗೇನಿದೆ ಅಂತ ಯಾರೂ ಓದುವುದಿಲ್ಲ. ಓದುವುದಾದರೂ ಹೇಗೆ, ಅದು ಪಂಚಾಂಗಕ್ಕಿಂತ ದಪ್ಪ. ಅದರ ನಡುವೆ ಎಲ್ಲೋ ಒಂದು ಸಾಲು ಇರಬಹುದು: ಗರ್ಭನಿರೋಧಕಕ್ಕೆ ಹಣ ಕೊಡುವುದಿಲ್ಲ. ಕಾರಣ, ಕೆಲಸ ಕೊಟ್ಟವರ ಧರ್ಮ.

ನನ್ನ ಯಜಮಾನರು ಆಗ ಕ್ಯಾಥೊಲಿಕ್ ಸಂಸ್ಥೆಯೊಂದು ನಡೆಸುವ ಆಸ್ಪತ್ರೆಗಳ ಐಟಿ ವಿಭಾಗದಲ್ಲಿದ್ದರು. ಇಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳು ಬೇಕಾದಷ್ಟಿವೆ, ಅವುಗಳ ಕಂಪ್ಯೂಟರ್ ನೋಡಿಕೊಳ್ಳುವವರಲ್ಲಿ ನಮ್ಮವರೂ ಬೇಕಾದಷ್ಟು ಜನ ಇದ್ದಾರೆ. ನಾನು ಎಚ್-4 ವೀಸಾದಲ್ಲಿ, ಅಂದರೆ ಕೆಲಸಕ್ಕೆ ಬಂದವರ ಹೆಂಡತಿಗೆ ಕೊಡುವ ವೀಸಾದಲ್ಲಿ, ಮನೆಯಲ್ಲಿದ್ದೆ. ಹಾಗಾಗಿ ನನ್ನ ಡಾಕ್ಟರು, ನನ್ನ ಔಷಧಿ, ಎಲ್ಲವೂ ಅವರ ಕೆಲಸಕ್ಕೆ ಕಟ್ಟಿಕೊಂಡಿತ್ತು.

ಎರಡನೇ ಮಗು ಹುಟ್ಟಿದ ಮೇಲೆ ಡಾಕ್ಟರು ಐಯುಡಿ ಹಾಕಿಸಿಕೊಳ್ಳಿ ಅಂದರು. ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಸಾಧನ, ನಮ್ಮೂರಲ್ಲಿ ವಂಕಿ ಅನ್ನುತ್ತೇವಲ್ಲ, ಅದೇ ಜಾತಿಯದು, ಆದರೆ ಹಾರ್ಮೋನ್ ಇರುವಂಥದ್ದು. ದಿನ ಗೊತ್ತಾಯಿತು. ಹಿಂದಿನ ದಿನ ಕ್ಲಿನಿಕ್ಕಿನ ಬಿಲ್ಲಿಂಗ್ ಹೆಂಗಸು ಫೋನ್ ಮಾಡಿ, ನಿಮ್ಮ ಪ್ಲಾನ್ ಇದಕ್ಕೆ ಕೊಡುವುದಿಲ್ಲ, ಸಾವಿರ ಡಾಲರ್ ಮೇಲೆ ಆಗುತ್ತದೆ, ಬರುತ್ತೀರಾ ಅಂತ ಕೇಳಿದಳು. ನಾನು ಸುಮ್ಮನಾದೆ. ಆಮೇಲೆ ಅವಳೇ ದನಿ ತಗ್ಗಿಸಿ, "ನಿಮಗೆ ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಆಗುತ್ತಾ?" ಅಂದಳು. ಇಲ್ಲ ಅಂದೆ. "ಜಾಸ್ತಿ ಆಗುತ್ತದೆ ಅಂತ ಡಾಕ್ಟರು ಬರೆದರೆ ಕವರ್ ಆಗುತ್ತದೆ, ಅದಕ್ಕೆ ಕೇಳಿದೆ" ಅಂದಳು.

ಅದೇ ಸಾಧನ, ಅದೇ ಡಾಕ್ಟರು, ಅದೇ ಹತ್ತು ನಿಮಿಷದ ಕೆಲಸ. ಕಾಯಿಲೆಗೆ ಅಂದರೆ ಸರಿ, ಮಗು ಬೇಡ ಅಂದರೆ ತಪ್ಪು! ಇದು ಅವಳು ಹುಟ್ಟಿಸಿದ ದಾರಿಯಲ್ಲ. 1968ರಲ್ಲಿ ಪೋಪ್ ಆರನೇ ಪೌಲ್ ಬರೆದ ಪತ್ರ ಕೃತಕ ಗರ್ಭನಿರೋಧ ಬೇಡ ಅನ್ನುತ್ತದೆ, ಆದರೆ ರೋಗಕ್ಕೆ ಮಾಡುವ ಚಿಕಿತ್ಸೆಯಿಂದ ಗರ್ಭ ನಿಲ್ಲದಿದ್ದರೆ ಅದಕ್ಕೆ ಅಡ್ಡಿಯಿಲ್ಲ ಅಂತಲೂ ಹೇಳುತ್ತದೆ. ರೋಮಿನಲ್ಲಿ ಬರೆದ ಆ ಮಾತು ಶಿವಮೊಗ್ಗದ ಹುಡುಗಿಯ ಬಿಲ್ಲಿಗೆ ಬಂದು ತಗುಲಿತು.

ಸುಳ್ಳು ಬರೆಸಲು ಮನಸ್ಸಾಗಲಿಲ್ಲ. ಸ್ವಲ್ಪ ದಿನ ಕೈಯಿಂದ ದುಡ್ಡು ಕೊಟ್ಟು ಮಾತ್ರೆ ತಗೊಂಡೆ. ರಜೆಗೆ ಊರಿಗೆ ಬಂದಾಗ ಕಾಪರ್-ಟಿ ಹಾಕಿಸಿಕೊಂಡೆ. ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಅಷ್ಟು ದೊಡ್ಡ ದೇಶದಲ್ಲಿ ವಂಕಿ ಹಾಕಲ್ವೇನೇ? ನಮ್ಮ ಸರ್ಕಾರಿ ಆಸ್ಪತ್ರೆಲಿ ಬಿಟ್ಟಿ ಹಾಕ್ತಾರಲ್ಲೇ" ಅಂದಳು. ಅವಳು ಹೇಳಿದ್ದು ಸರಿ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತಾನೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ನಮ್ಮಲ್ಲಿ ಇದರ ಬಗ್ಗೆ ನಾಚಿಕೆ ಇದೆ, ಅತ್ತೆಯ ಕಣ್ಣಿದೆ, ಗಂಡಸರ ಜವಾಬ್ದಾರಿ ಸೊನ್ನೆ. ಆದರೆ ಸರ್ಕಾರದ ಮಾಲಾ-ಎನ್ ಮಾತ್ರೆ ಕೊಡುವಾಗ ಗಂಡನ ಆಫೀಸು ಯಾವ ಧರ್ಮದ್ದು ಅಂತ ಯಾರೂ ಕೇಳುವುದಿಲ್ಲ.

ಹಾಗಂತ ಅಮೆರಿಕದಲ್ಲಿ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. 2010ರ ಒಬಾಮ ಆರೋಗ್ಯ ಕಾಯ್ದೆಯ ಅಡಿಯಲ್ಲಿ, 2012ರಿಂದ ಬಹುತೇಕ ಪ್ಲಾನ್‌ಗಳು ಗರ್ಭನಿರೋಧಕಗಳನ್ನು ಒಂದು ಪೈಸೆ ಕೇಳದೆ ಕೊಡಬೇಕು. ಚರ್ಚುಗಳಿಗೆ ಮೊದಲಿಂದಲೂ ವಿನಾಯಿತಿ ಇತ್ತು. ಜಗಳ ಹತ್ತಿದ್ದು ಉಳಿದವರದು. ಹಾಬಿ ಲಾಬಿ ಅಂತ ಒಕ್ಲಹೋಮದ ಅಂಗಡಿ ಸರಣಿ ಇದೆ. ಬಣ್ಣ, ಉಲ್ಲನ್, ಪ್ಲಾಸ್ಟಿಕ್ ಹೂವು ಸಿಗುತ್ತದೆ, ಭಾನುವಾರ ಬಾಗಿಲು ಹಾಕಿರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಮಂಟಪಕ್ಕೆ ನಾವೆಲ್ಲ ಅಂಥ ಅಂಗಡಿಗೇ ಓಡುವುದು. ಅದರ ಮಾಲೀಕರಾದ ಗ್ರೀನ್ ಕುಟುಂಬದವರು ಇಪ್ಪತ್ತು ಗರ್ಭನಿರೋಧಕ ವಿಧಾನಗಳಲ್ಲಿ ನಾಲ್ಕು ನಮ್ಮ ಧರ್ಮಕ್ಕೆ ವಿರುದ್ಧ, ಅವಕ್ಕೆ ನಾವು ದುಡ್ಡು ಕೊಡುವುದಿಲ್ಲ ಅಂತ ಕೋರ್ಟಿಗೆ ಹೋದರು. ಎರಡು ತುರ್ತು ಗರ್ಭನಿರೋಧಕ ಮಾತ್ರೆ, ಎರಡು ಬಗೆಯ ಐಯುಡಿ. 2014ರ ಜೂನ್ 30ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಒಂದು ಮಾತು ಎತ್ತಿ ಹೇಳಿದರು: ಕನಿಷ್ಠ ಕೂಲಿಯವಳಿಗೆ ಒಂದು ಐಯುಡಿ ಅಂದರೆ ಹೆಚ್ಚುಕಡಿಮೆ ತಿಂಗಳ ಪೂರಾ ದುಡಿಮೆ. ನನಗೆ ವಿಮಾನದ ಟಿಕೆಟ್ ಇತ್ತು, ಆಸ್ಪತ್ರೆಯ ನೆಲ ಒರೆಸುವವಳಿಗೆ ಎಲ್ಲಿಂದ ಬರಬೇಕು?

ಧಾರ್ಮಿಕ ಸೇವಾ ಸಂಸ್ಥೆಗಳಿಗೆ ಸರ್ಕಾರ ಒಂದು ನಡುದಾರಿ ಮಾಡಿತ್ತು. ನಮಗೆ ಒಪ್ಪಿಗೆ ಇಲ್ಲ ಅಂತ ಬರೆದು ಕೊಡಿ, ಇನ್ಶೂರೆನ್ಸ್ ಕಂಪನಿಯೇ ಬೇರೆಯಾಗಿ ಕೊಟ್ಟುಕೊಳ್ಳುತ್ತದೆ ಅಂತ. ಬಡ ವೃದ್ಧರನ್ನು ನೋಡಿಕೊಳ್ಳುವ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸನ್ಯಾಸಿನಿಯರು ಅದಕ್ಕೂ ಒಪ್ಪಲಿಲ್ಲ. ಆ ಸಹಿ ಹಾಕಿದರೇ ನಾವು ಅದರಲ್ಲಿ ಪಾಲುದಾರರು ಅಂದರು. ಈ ವಾದ ನನಗೆ ಅರ್ಧ ಅರ್ಥವಾಗುತ್ತದೆ. ಮೊಟ್ಟೆ ತಿನ್ನುವ ಮೊಮ್ಮಗನಿಗೆ "ಹೊರಗೆ ತಿನ್ನು, ನನ್ನ ಹತ್ತಿರ ದುಡ್ಡು ಕೇಳಬೇಡ" ಅನ್ನುವ ಅಜ್ಜಿ ನಮ್ಮಲ್ಲೂ ಇಲ್ವಾ? ಆದರೆ ಇದು ಅಜ್ಜಿಯ ದುಡ್ಡಲ್ಲ. ಇನ್ಶೂರೆನ್ಸ್ ಸಂಬಳದ ಒಂದು ಭಾಗ. ನಮ್ಮ ಯಜಮಾನರ ಪೇ ಸ್ಲಿಪ್ಪಿನಲ್ಲಿ ಅದಕ್ಕಂತಲೇ ಪ್ರತಿಸಲ ಮುರಿದುಕೊಳ್ಳುತ್ತಿದ್ದರು. ದುಡಿದ ದುಡ್ಡಿನಿಂದ ಏನು ಕೊಳ್ಳಬಾರದು ಅಂತ ಧಣಿ ಹೇಳುವುದು ಯಾವ ನ್ಯಾಯ?

2017ರಲ್ಲಿ ಟ್ರಂಪ್ ಸರ್ಕಾರ ವಿನಾಯಿತಿಯ ಬಾಗಿಲನ್ನು ಪೂರ್ತಿ ತೆರೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ, ಹಾಗೆ ವಿನಾಯಿತಿ ಕೊಡಲು ಸರ್ಕಾರಕ್ಕೆ ಅಧಿಕಾರ ಇದೆ ಅಂದಿತು. 2025ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ನ್ಯಾಯಾಧೀಶರೊಬ್ಬರು ಆ ನಿಯಮಗಳನ್ನು ಬೇರೆ ಕಾರಣಕ್ಕೆ ರದ್ದು ಮಾಡಿದರು. ಸರ್ಕಾರ ಬದಲಾದಾಗಲೆಲ್ಲ, ಕೋರ್ಟು ಬದಲಾದಾಗಲೆಲ್ಲ ಇದು ಅತ್ತಿತ್ತ ವಾಲುತ್ತದೆ.

ಈಗ ಇಲ್ಲಿಗೆ ಬರುವವರು ಕೇಳಿದರೆ ನಾನು ಹೇಳುವುದು ಇಷ್ಟು. ಆಸ್ಪತ್ರೆ, ಕಾಲೇಜು, ಸೇವಾ ಸಂಸ್ಥೆ ಯಾವುದೇ ಆಗಲಿ, ಹೆಸರಲ್ಲಿ ಸೇಂಟ್ ಇದ್ದರೆ ಮಾತ್ರ ಧಾರ್ಮಿಕ ಅಂದುಕೊಳ್ಳಬೇಡಿ. ಸಹಿ ಮಾಡುವ ಮೊದಲೇ ಎಚ್‌ಆರ್ ಹತ್ತಿರ ಪ್ಲಾನಿನ ಕಾಗದ ತರಿಸಿಕೊಂಡು, ಏನೇನು ಕೊಡುವುದಿಲ್ಲ ಅನ್ನುವ ಪಟ್ಟಿ ಓದಿ. ಪ್ಲಾನ್ ಸೆಲ್ಫ್-ಫಂಡೆಡ್ಡಾ, ಅಂದರೆ ಕಂಪನಿಯೇ ದುಡ್ಡು ಹಾಕಿ ನಡೆಸುವಂಥದ್ದಾ ಅಂತ ಕೇಳಿ. ಕೆಲವು ರಾಜ್ಯಗಳು ಗರ್ಭನಿರೋಧಕ ಕೊಡಲೇಬೇಕು ಅಂತ ಕಾನೂನು ಮಾಡಿವೆ, ಆದರೆ ಅಂಥ ಪ್ಲಾನಿಗೆ ಆ ಕಾನೂನು ತಾಗುವುದಿಲ್ಲ. ಒಪಿಲ್ ಅನ್ನುವ ಗರ್ಭನಿರೋಧಕ ಮಾತ್ರೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿ, 2024ರಿಂದ ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಲ್ಲೇ ಸಿಗುತ್ತಿದೆ, ತಿಂಗಳಿಗೆ ಸುಮಾರು 20 ಡಾಲರ್. ಇಬ್ಬರಿಗೂ ಕೆಲಸ ಇದ್ದರೆ ಇಬ್ಬರ ಪ್ಲಾನನ್ನೂ ಪಕ್ಕಪಕ್ಕ ಇಟ್ಟು ನೋಡಿ. ಈ ಪ್ರಶ್ನೆಯನ್ನು ಗಂಡ ಎಚ್‌ಆರ್‌ಗೆ ಕೇಳಲು ನಾಚಿದರೆ ನೀವೇ ಇಮೇಲ್ ಬರೆದು ಕೊಡಿ, ಅವರು ಕಳಿಸಲಿ. ನಮ್ಮ ಮನೆಯಲ್ಲಿ ಮುಂದಿನ ಕೆಲಸಕ್ಕೆ ಹಾಗೇ ಮಾಡಿದ್ದು.