ನನ್ನ ಓಟು ಕಪ್ಪೆಗೆ

ಹಮ್ಮಿಂಗ್‌ಬರ್ಡ್ ವಿಡಿಯೊ ಹಾಕಿದರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಕಪ್ಪೆ ಅಂದರೆ ಮುಖ ಸಿಂಡರಿಸುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಹೇಳುವ ನನಗೆ ಇದು ಹಳೇ ತಕರಾರು. ಅದಕ್ಕೇ ಈ ಸಲ ಕೋಸ್ಟರಿಕಾದ ಕಾಡಿನ ಇಬ್ಬರು ತಾಯಂದಿರನ್ನು ಅಕ್ಕಪಕ್ಕ ನಿಲ್ಲಿಸಿದೆ. ಒಬ್ಬಳು ಕಂದುಬಾಲದ ಹಮ್ಮಿಂಗ್‌ಬರ್ಡ್, ಇನ್ನೊಬ್ಬಳು ಸ್ಟ್ರಾಬೆರಿ ವಿಷಗಪ್ಪೆ.

ಹಕ್ಕಿಯ ತೂಕ ಸುಮಾರು 5 ಗ್ರಾಂ. (ನಮ್ಮ ದಾಸವಾಳಕ್ಕೆ ಬರುವುದು ಸೂರಕ್ಕಿ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.) ಜೇಡರ ಬಲೆಯ ಎಳೆ ಸೇರಿಸಿ ಗೂಡು ಕಟ್ಟುವುದು, ಎರಡು ಮೊಟ್ಟೆಗೆ ಕಾವು ಕೊಡುವುದು, ಮರಿಗೆ ಉಣಿಸುವುದು, ಎಲ್ಲ ತಾಯಿಯೇ. ಮಕರಂದವೊಂದೇ ಸಾಲದು, ಸಣ್ಣ ಹುಳುಗಳನ್ನೂ ಹಿಡಿದು ತರಬೇಕು. ಉದ್ದ ಕೊಕ್ಕನ್ನು ಮರಿಯ ಗಂಟಲಿಗೆ ಇಳಿಸುವುದನ್ನು ಮೊದಲ ಸಲ ನೋಡಿದರೆ ಎದೆ ಝಲ್ಲೆನ್ನುತ್ತದೆ.

‘ಅಪ್ಪ ಏನ್ ಮಾಡ್ತಾನ್ರೀ ಸರ್?’ ಅಂತ ಒಬ್ಬಳು ಕೇಳಿದಳು.

‘ಈ ಹೂವಿನ ಗಿಡ ನಂದು ಅಂತ ಜಗಳಾ ಆಡ್ತಾನ, ಅಷ್ಟ.’ ಹುಡುಗಿಯರೆಲ್ಲ ಜೋರಾಗಿ ನಕ್ಕರು.

ಕಪ್ಪೆಯಲ್ಲಿ ಅಪ್ಪ ಸ್ವಲ್ಪ ವಾಸಿ. ನೆಲದ ತರಗೆಲೆ ಮೇಲಿನ ಮೊಟ್ಟೆ ಒಣಗದ ಹಾಗೆ ಆಗಾಗ ಒದ್ದೆ ಮಾಡುತ್ತಾನೆ. ಆಮೇಲಿನದು ತಾಯಿಯ ಪಾಲು. ಅವಳ ಉದ್ದ ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲ. ಅಲ್ಲಿ ಸಾಮಾನ್ಯವಾಗಿ ಮೈ ಕೆಂಪು, ಕಾಲು ನೀಲಿ. ಗೊದಮೊಟ್ಟೆ ಹೊರಬಂದ ಮೇಲೆ ಬೆನ್ನು ಕೊಡುತ್ತಾಳೆ, ಅದು ಮಿಸುಕಾಡುತ್ತಾ ಹತ್ತಿ ಅಂಟಿಕೊಳ್ಳುತ್ತದೆ. ಹೊತ್ತುಕೊಂಡು ಗಿಡ ಏರುತ್ತಾಳೆ. ಅನಾನಸ್ ಕುಟುಂಬದ ಬ್ರೊಮೀಲಿಯಾಡ್‌ಗಳ ಎಲೆಬುಡದಲ್ಲಿ ಮಳೆನೀರು ನಿಂತಿರುತ್ತದೆ. ಒಂದು ಕುಳಿಗೆ ಒಂದೇ ಮರಿ. ನಮ್ಮಲ್ಲಾದರೆ ಆಶಾ ಕಾರ್ಯಕರ್ತೆಯರು ಬಂದು, ಸೊಳ್ಳೆ ಆಗ್ತಾವ, ಮೊದಲು ಚೆಲ್ರಿ ಅಂತಿದ್ದರು, ಅಲ್ವಾ?

ಕೆಲವು ದಿನಕ್ಕೊಮ್ಮೆ ಒಂದೊಂದು ಕುಳಿಗೂ ವಾಪಸ್ ಬರುತ್ತಾಳೆ. ಅವಳು ಬಂದದ್ದು ತಿಳಿದ ಕೂಡಲೇ ಮರಿ ಮೈ ಬಿಗಿ ಮಾಡಿ ನಡುಗುತ್ತದೆ. ಇದ್ದೀನಿ, ಹಸಿವಾಗಿದೆ ಅನ್ನೋ ಸೂಚನೆ ಅದು. ಆಗ ಹಿಂದಿನಿಂದ ನೀರಿಗಿಳಿದು ಮೊಟ್ಟೆ ಇಡುತ್ತಾಳೆ. ಮರಿಯಾಗದ ಮೊಟ್ಟೆಗಳು, ಊಟಕ್ಕೆಂದೇ. ಮರಿಗೆ ಬೇರೆ ಆಹಾರ ಹಿಡಿಸುವುದೇ ಇಲ್ಲ.

ಇನ್ನೂ ಒಂದಿದೆ. ಆ ಊಟದಲ್ಲೇ ವಿಷವೂ ಇರುತ್ತದೆ. ಕಪ್ಪೆಗೆ ವಿಷ ಬರುವುದು ಅದು ತಿನ್ನುವ ನುಸಿ, ಇರುವೆಗಳಿಂದ. ತಾಯಿ ಅದನ್ನು ಮೊಟ್ಟೆಯ ಮೂಲಕ ಮರಿಗೂ ದಾಟಿಸುತ್ತಾಳೆ. ಗಾಜಿನ ಪೆಟ್ಟಿಗೆಯಲ್ಲಿ ಹಣ್ಣುನೊಣ ತಿನ್ನಿಸಿ ಬೆಳೆಸಿದ ಕಪ್ಪೆಯಲ್ಲಿ ಈ ವಿಷ ಇರುವುದಿಲ್ಲ. ಹಮ್ಮಿಂಗ್‌ಬರ್ಡ್ ದುಡಿಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಊಟವನ್ನೂ ರಕ್ಷಣೆಯನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಡುವವಳಿಗೇ ನನ್ನ ಓಟು.

‘ಇದು ನೀಟ್‌ಗೆ ಬರ್ತದೇನ್ರೀ ಸರ್?’ ಅಂದ ಒಬ್ಬ. ಬರಲ್ಲ ಅಂದೆ. ನುಸಿ ಅನ್ನುವವರೆಗೆ ಬರೆದುಕೊಂಡಿದ್ದವನು ಪೆನ್ನಿಗೆ ಕ್ಯಾಪ್ ಹಾಕಿಬಿಟ್ಟ.