ಕೆಂಪಣ್ಣನ ಬಾಲ ಮತ್ತೆ ಚಿಗುರಿದೆ

12 ಜನವರಿ 2025, ಭಾನುವಾರ
ಬೆಂಗಳೂರು

ಬೆಳಿಗ್ಗೆ ಟಾರ್ಚ್ ಹಿಡಿದು ನಮ್ಮನೆ ಮೀನು ಕೆಂಪಣ್ಣನ ಬಾಲ ನೋಡಿದೆ. ಹೋದ ತಿಂಗಳು ಕಪ್ಪಗಾಗಿ, ಅಲ್ಲಲ್ಲಿ ಬಿಳಿ ನೂಲು ಜೋತು ಬಿದ್ದಿದ್ದ ಅಂಚಿನ ಆಚೆಗೆ ಈಗ ಬಣ್ಣವೇ ಇಲ್ಲದ ತೆಳ್ಳನೆ ಪೊರೆ ಬಂದಿದೆ. ಹಿಂದಿನ ಗಿಡದ ಎಲೆ ಅದರ ಮೂಲಕ ಕಾಣುತ್ತದೆ. ಹೊಸ ರೆಕ್ಕೆ ಬೆಳೆಯುವುದೇ ಹೀಗೆ, ಬಣ್ಣ ಆಮೇಲೆ ತುಂಬುತ್ತದೆ. ಇದನ್ನೇ ರೋಗ ಅಂದುಕೊಂಡು ಮತ್ತೆ ಔಷಧಿ ಸುರಿಯುವವರಿದ್ದಾರೆ. ಕೊಳೆಯುತ್ತಿರುವ ಅಂಚು ಕಪ್ಪೋ ಕೆಂಪೋ ಇರುತ್ತದೆ, ದಿನದಿಂದ ದಿನಕ್ಕೆ ಒಳಗೆ ಸರಿಯುತ್ತದೆ. ಅದೇ ಗುರುತು.

ಕೆಂಪಣ್ಣ ಫೈಟರ್ ಮೀನು, ಅಂದರೆ ಬೆಟ್ಟಾ. ತಂಗಿ ಪುಣೆಗೆ ಹೋಗುವಾಗ ದುಂಡನೆ ಗಾಜಿನ ಬೌಲ್ ಸಮೇತ "ಅಕ್ಕಾ, ಇದನ್ನ ನೀನೇ ನೋಡ್ಕೋ" ಅಂತ ಬಿಟ್ಟು ಹೋದಳು. ಜೊತೆಗೆ ಅಂಗಡಿಯವರು ಕೊಟ್ಟ ನೀಲಿ ಡ್ರಾಪ್ಸ್ ಬಾಟಲಿ. ರೆಕ್ಕೆ ಕೊಳೆತಾಗ ಡ್ರಾಪ್ಸ್, ವಾಸಿಯಾದರೆ ನಿಲ್ಲಿಸು, ಮತ್ತೆ ಬಂದರೆ ಮತ್ತೆ ಡ್ರಾಪ್ಸ್. ಅವಳಿಗೆ ಸಿಕ್ಕ ಸಲಹೆ ಅಷ್ಟೇ. ಆ ನೀಲಿ ಔಷಧಿ ಮೆಥಿಲೀನ್ ಬ್ಲೂ, ಫಂಗಸ್‌ಗೆ ಒಳ್ಳೆಯದು. ಆದರೆ ಫಿಲ್ಟರ್ ಇರುವ ತೊಟ್ಟಿಗೆ ಹಾಕಿದರೆ ಅಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗೂ ಪೆಟ್ಟು.

ರೆಕ್ಕೆ ಕೊಳೆಸುವ ಏರೋಮೊನಾಸ್, ಸ್ಯೂಡೊಮೊನಾಸ್ ಥರದ ಬ್ಯಾಕ್ಟೀರಿಯಾ ಎಲ್ಲಿಂದಲೋ ಬರುವುದಲ್ಲ, ಮೀನಿನ ನೀರಿನಲ್ಲಿ ಯಾವಾಗಲೂ ಇರುತ್ತವೆ. ಮೀನು ಗಟ್ಟಿಯಾಗಿದ್ದರೆ ಸುಮ್ನೆ ಇರುತ್ತವೆ, ಸೋತರೆ ಮೇಲೆ ಬೀಳುತ್ತವೆ. ಹಾಗಾಗಿ ಕಾಯಿಲೆ ಮರುಕಳಿಸಿದರೆ ನಾನು ಔಷಧಿ ಬದಲಿಸುವುದಿಲ್ಲ. ಮೀನನ್ನು ಸೋಲಿಸುತ್ತಿರುವುದು ಯಾವುದು ಅಂತ ಹುಡುಕುತ್ತೇನೆ.

ಬೌಲ್‌ನಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ಬೆಟ್ಟಾ ಥಾಯ್ಲೆಂಡ್ ಕಡೆಯ ಭತ್ತದ ಗದ್ದೆ, ಜೌಗು ನೀರಿನ ಮೀನು. ತಲೆಯೊಳಗೆ ಲ್ಯಾಬಿರಿಂತ್ ಅನ್ನುವ ಅಂಗ ಇದೆ, ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುತ್ತದೆ. ಅದಕ್ಕೇ ಅಂಗಡಿಯಲ್ಲಿ ಲೋಟದಷ್ಟು ನೀರಿನಲ್ಲಿ ಇಟ್ಟು ಮಾರುತ್ತಾರೆ. ಆದರೆ ಗಾಳಿ ನುಂಗಿದ ಮಾತ್ರಕ್ಕೆ ಅದರದ್ದೇ ಕಸದಿಂದ ಹುಟ್ಟುವ ಅಮೋನಿಯಾ ಅನ್ನುವ ವಿಷ ಮಾಯವಾಗುತ್ತದಾ? 20 ಲೀಟರಿನ ತೊಟ್ಟಿ, ಸ್ಪಾಂಜ್ ಫಿಲ್ಟರ್ ತಂದೆವು. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಲು ಬೇಕಾದ ಬ್ಯಾಕ್ಟೀರಿಯಾ ಆ ಸ್ಪಾಂಜಿನಲ್ಲಿ ನೆಲೆಯೂರಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೂ ಅಮೋನಿಯಾ ಟೆಸ್ಟ್ ಕಿಟ್ ಇಟ್ಟುಕೊಂಡು ದಿನಾ ನೋಡುವುದು. ನಮ್ಮ ಕಿಟ್‌ನಲ್ಲಿ ಹಳದಿ ಬಂದರೆ ಸೊನ್ನೆ, ಹಸಿರಿಗೆ ತಿರುಗಿದರೆ ನೀರು ಬದಲಿಸು.

ಚೆನ್ನಾಗಿಯೇ ಇತ್ತು. ಡಿಸೆಂಬರ್‌ನಲ್ಲಿ ಬಾಲ ಮತ್ತೆ ಸವೆಯಿತು. ಕಾರಣ ಎರಡು ಸಿಕ್ಕವು.

ಒಂದು, ನಮ್ಮನೆಯವರು. ಭಾನುವಾರದ ಉತ್ಸಾಹದಲ್ಲಿ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು, ಬೆಳ್ಳಗಾಗುವವರೆಗೂ ಹಿಂಡಿ ತೊಳೆದಿದ್ದರು. ಕಾವೇರಿ ನೀರಿನ ಕ್ಲೋರಿನ್‌ಗೆ ಅಷ್ಟು ವಾರ ಬೆಳೆದ ಬ್ಯಾಕ್ಟೀರಿಯಾ ಹೋಯಿತು. ಮಾರನೇ ದಿನವೇ ಕಿಟ್ ಹಸಿರು. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ, ಮೆಲ್ಲಗೆ ಹಿಂಡಿದರೆ ಸಾಕು. ಕಂದು ಬಣ್ಣ ಇರಲಿ ಬಿಡಿ, ಅದು ಬರೀ ಕೊಳೆ ಅಲ್ಲ.

ಇನ್ನೊಂದು, ಚಳಿ. ಇದನ್ನು ಬೆಂಗಳೂರಿನಲ್ಲಿ ಯಾರೂ ಹೇಳುವುದಿಲ್ಲ, ನಮ್ಮ ಊರಿಗೆ ಹೀಟರ್ ಯಾಕೆ ಅಂತಾರೆ. ಥರ್ಮಾಮೀಟರ್ ಇಟ್ಟು ನೋಡಿದರೆ ಬೆಳಿಗ್ಗೆ ಆರಕ್ಕೆ ನೀರು 20 ಡಿಗ್ರಿ, ಮಧ್ಯಾಹ್ನ ಕಿಟಕಿ ಬಿಸಿಲಿಗೆ 25. ಕೆಂಪಣ್ಣನಿಗೆ ಬೇಕಾದದ್ದು 25ರಿಂದ 27, ಅದೂ ಏರುಪೇರಿಲ್ಲದೆ. ತಣ್ಣಗಾದರೆ ಜೀರ್ಣ ನಿಧಾನ, ರೋಗ ತಡೆಯುವ ಶಕ್ತಿಯೂ ಕಡಿಮೆ. 50 ವ್ಯಾಟಿನ ಹೀಟರ್ ಹಾಕಿದ ಮೇಲೆ 26ರಲ್ಲಿ ನಿಂತಿದೆ. ನೀರು ಬದಲಿಸುವ ಮುಂಚೆ ಅದರ ಪ್ಲಗ್ ತೆಗೆಯಿರಿ. ಬಿಸಿಯಾಗಿರುವಾಗ ನೀರಿನಿಂದ ಹೊರಬಂದರೆ ಹೀಟರಿನ ಗಾಜು ಬಿರಿಯಬಹುದು.

ಚಿಕಿತ್ಸೆ ಅಂತ ಮಾಡಿದ್ದು ಉಪ್ಪು ಮಾತ್ರ. ಅಕ್ವೇರಿಯಂ ಸಾಲ್ಟ್, ಲೀಟರಿಗೆ 1 ಗ್ರಾಂ, ಮಾರನೇ ದಿನದಿಂದ 2 ಗ್ರಾಂ. ತೊಟ್ಟಿಗೆ ಹಾಕಿದರೆ ಗಿಡ ಬಾಡುತ್ತವೆ, ಅದಕ್ಕೆ ಮುಚ್ಚಳ ಇರುವ ಪುಟ್ಟ ಡಬ್ಬದಲ್ಲಿ ಉಪ್ಪುನೀರು ಮಾಡಿ ಕೆಂಪಣ್ಣನನ್ನು ಅದರಲ್ಲಿ ಬಿಟ್ಟೆ. ಆ ಡಬ್ಬವನ್ನು ತೊಟ್ಟಿಯ ನೀರಿನ ಮೇಲೇ ತೇಲಿಸಿದರೆ ಅದಕ್ಕೆ ಬೇರೆ ಹೀಟರ್ ಬೇಡ. ಮುಚ್ಚಳಕ್ಕೆ ತೂತು, ನೀರಿನ ಮೇಲೆ ನಾಲ್ಕು ಬೆರಳು ಜಾಗ, ಉಸಿರಾಡಬೇಕಲ್ಲ. ದಿನಾ ಪೂರ್ತಿ ನೀರು ಬದಲು, ಅಷ್ಟೇ ಬಿಸಿಯ, ಆಂಟಿ-ಕ್ಲೋರಿನ್ ಹನಿ ಹಾಕಿದ ನೀರು. ಹತ್ತು ದಿನಕ್ಕಿಂತ ಜಾಸ್ತಿ ಉಪ್ಪಿನಲ್ಲಿ ಇಡಬಾರದು. ಇಷ್ಟಕ್ಕೂ ಕೊಳೆಯುವುದು ಬಾಲದ ಬುಡದವರೆಗೂ ಬಂದಿದ್ದರೆ ಮೀನು ನೋಡುವ ಪಶುವೈದ್ಯರನ್ನು ಹುಡುಕುತ್ತಿದ್ದೆ. ಮೆಡಿಕಲ್ ಶಾಪಿನ ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಅರ್ಧಂಬರ್ಧ ಆಂಟಿಬಯಾಟಿಕ್‌ನಿಂದ ಬ್ಯಾಕ್ಟೀರಿಯಾ ಇನ್ನೂ ಗಟ್ಟಿಯಾಗುತ್ತವೆ.

ಎಲ್ಲ ಹರಿದ ಬಾಲವೂ ರೋಗವಲ್ಲ. ತೊಟ್ಟಿಯಲ್ಲಿದ್ದ ಪ್ಲಾಸ್ಟಿಕ್ ಗಿಡದ ಮೇಲೆ ಹಳೇ ನೈಲಾನ್ ಸಾಕ್ಸ್ ಎಳೆದು ನೋಡಿದೆ, ಸಿಕ್ಕಿಕೊಂಡಿತು. ಕಸಕ್ಕೆ ಹಾಕಿ ಅನೂಬಿಯಾಸ್ ಅನ್ನುವ ನಿಜವಾದ ನೀರಿನ ಗಿಡ ತಂದೆ. ಒಣಗಿದ ಕಾಡು ಬಾದಾಮಿ ಎಲೆಯೂ ಒಂದು ಹಾಕಿದ್ದೇನೆ, ನೀರು ಚಹಾದ ಹಾಗೆ ಕೆಂಪಗಾಗಿದೆ. ಅದರ ಟ್ಯಾನಿನ್ ಅನ್ನುವ ಒಗರು ಅಂಶದಿಂದ ಒಳ್ಳೆಯದು ಅಂತಾರೆ. ಕೆಟ್ಟದ್ದಂತೂ ಆಗಿಲ್ಲ.

ಅತ್ತೆಯದ್ದೇ ಇನ್ನೂ ಬಗೆಹರಿಯದ ಸಮಸ್ಯೆ. "ನೋಡೇ, ನನ್ನ ಮುಖ ಕಂಡರೆ ಸಾಕು ಓಡಿ ಬರುತ್ತೆ, ಪಾಪ, ಹಸಿವು" ಅಂತ ಚಿಟಿಕೆ ತುಂಬ ಕಾಳು ಹಾಕುತ್ತಾರೆ. "ಅದರ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟೇ ಅಂತೆ, ಅತ್ತೆ" ಅಂತ ನಾನು ಅಂದರೆ, "ನಿನಗೆ ಯಾರು ಅಳೆದು ಹೇಳಿದರು?" ಅಂತಾರೆ. ತಿನ್ನದೆ ಉಳಿದದ್ದು ತಳಕ್ಕೆ ಹೋಗಿ ಕೊಳೆತು ಮತ್ತೆ ಅಮೋನಿಯಾ. ಈಗ ಬೆಳಿಗ್ಗೆ ಮೂರು ಕಾಳು, ಸಂಜೆ ಮೂರು ಕಾಳು ಅಂತ ವಾರದ ಮಾತ್ರೆ ಡಬ್ಬಿಯಲ್ಲಿ ಎಣಿಸಿಟ್ಟು ಅವರ ಕೈಗೇ ಕೊಟ್ಟಿದ್ದೇನೆ. ಶನಿವಾರದ ಖಾನೆ ಖಾಲಿ. ತಾವೂ ಶನಿವಾರ ಒಪ್ಪತ್ತು ಮಾಡುವುದರಿಂದ ಅದಕ್ಕೆ ಮಾತ್ರ ತಕರಾರಿಲ್ಲ.

ಮಂಗಳವಾರ ಸಂಕ್ರಾಂತಿ, ನಾಳೆ ಊರಿಗೆ ಹೊರಡಬೇಕು. ಇವತ್ತು ಕಾಲು ಭಾಗ ನೀರು ಬದಲಿಸಿ, ಹೀಟರ್ ಮತ್ತು ಫಿಲ್ಟರ್ ಎರಡನ್ನೂ ಯುಪಿಎಸ್‌ಗೆ ಹಾಕಿದ್ದಾಯಿತು. ಎರಡು ಮೂರು ದಿನ ಊಟವಿಲ್ಲದಿದ್ದರೆ ಅದಕ್ಕೇನೂ ಆಗುವುದಿಲ್ಲ. ಪಕ್ಕದ ಮನೆ ಆಂಟಿಗೆ ಕೀ ಕೊಡುವಾಗ ಥರ್ಮಾಮೀಟರ್ ಮಾತ್ರ ನೋಡಿ, ಕಾಳು ಹಾಕಬೇಡಿ ಅಂತ ಹೇಳಿ ಬಂದೆ. ಕಾಳಿನ ಡಬ್ಬ ನಮ್ಮ ಬ್ಯಾಗಿನಲ್ಲೇ ಇದೆ.